ಹೊನ್ನು ತಂದ ವೆನಿಲಾ ಅತ್ತರು

ಬಾವಿಕಟ್ಟೆಯವರೆಗೂ ಪ್ರದೀಪ ಚೆನ್ನಾಗಿಯೇ ನಡೆದು ಬಂದಿದ್ದ. ಅಲ್ಲಿಂದ ಮುಂದೆ ಏನಾಯಿತು ಅಂತ ಹೇಳುತ್ತೇನೆ. ಸಣ್ಣ ದನಿಯಲ್ಲೇ ಹೇಳುತ್ತೇನೆ, ಹತ್ತಿರ ಬನ್ನಿ... ಅವನ ಮನೆ ಇಲ್ಲೇ ಬೇಲಿಯ ಆಚೆ. ಈ ಹೊತ್ತಿಗೆ ಅವನಿಗೆ ನಿದ್ದೆ ಬಂದಿರುವುದಿಲ್ಲ.

ಪ್ರದೀಪ ನನ್ನ ಚಿಕ್ಕಮ್ಮನ ಮಗ. ಗೂಡ್ಸ್ ರಿಕ್ಷಾ ಹೊಡೆಯುತ್ತಾನೆ. ಹೋದ ಡಿಸೆಂಬರಿನಲ್ಲಿ ಒಂದು ದಿನ ರಿಕ್ಷಾ ಕೆಟ್ಟಿತು. ಬೊಬ್ರುವಾಡದ ಗ್ಯಾರೇಜಿನಲ್ಲಿ ಬಿಟ್ಟು, ಯಾರದೋ ಬೈಕಿನ ಹಿಂದೆ ಕೂತು ಶೆಟಗೇರಿ ಕ್ರಾಸಿನವರೆಗೆ ಬಂದ. ಅಲ್ಲಿಂದ ನಡಿಗೆ. ರಾತ್ರಿ ಹನ್ನೊಂದೂವರೆ ದಾಟಿತ್ತು. ಗದ್ದೆಯಲ್ಲಿ ಜೀರುಂಡೆಗಳ ಕಿರ್‍ರ್ ಸದ್ದು. ಬಾವಿಕಟ್ಟೆಯ ಪಕ್ಕದ ಆಲದ ಮರದ ಹತ್ತಿರ ಬರುತ್ತಿದ್ದ ಹಾಗೆ ಅದು ನಿಂತಿತು. ಒಂದು ಹುಳವೂ ಕೂಗಲಿಲ್ಲ.

ಆಗ ವಾಸನೆ ಬಂತು.

ಮೊದಲು ಸಿಹಿ. ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ತೆಗೆದರೆ ಬರುತ್ತದಲ್ಲ, ಆ ಸಿಹಿ. ಆಮೇಲೆ ಅದರ ಅಡಿಯಿಂದ ನಿಧಾನಕ್ಕೆ ಇನ್ನೊಂದು... ಲೋಬಾನ ಸುಟ್ಟ ಹೊಗೆಯ ಹಾಗೆ, ಹಳೆಯ ಮರದ ಪೆಟ್ಟಿಗೆಯ ಹಾಗೆ. ಪ್ರದೀಪನ ಕಾಲು ನಿಂತುಬಿಟ್ಟಿತು. ಆ ವಾಸನೆ ಯಾರದ್ದು ಅಂತ ಅವನಿಗೆ ಗೊತ್ತಿತ್ತು. ನಮ್ಮ ಕೇರಿಯಲ್ಲಿ ಎಲ್ಲರಿಗೂ ಗೊತ್ತು. ಹೊನ್ನುವಿನ ಅತ್ತರು. ಹೊನ್ನು ಸತ್ತು ಅವತ್ತಿಗೆ ಹದಿನೈದು ದಿನ.

ಇಲ್ಲಿ ಸ್ವಲ್ಪ ನಿಲ್ಲಿಸಿ ಹೊನ್ನುವಿನ ಸಂಗತಿ ಹೇಳದಿದ್ದರೆ ನಿಮಗೆ ಅರ್ಥವಾಗುವುದಿಲ್ಲ. ಹೇಳುವಾಗ ನನಗೆ ಸಿಟ್ಟು ಬಂದರೆ ಬರಲಿ, ನೀವು ಸುಮ್ಮನೆ ಕೇಳಿ.

ಹೊನ್ನು ನನ್ನ ಜೊತೆಗಾರ್ತಿ. ಒಟ್ಟಿಗೆ ಸಸಿ ನೆಟ್ಟವರು ನಾವು. ಗಂಡ ತೀರಿದ ಮೇಲೆ ಶಾರ್ಜಾಕ್ಕೆ ಹೋದಳು. ಅಲ್ಲೊಂದು ಅರಬ್ಬರ ಮನೆಯಲ್ಲಿ ಮುದುಕಿಯನ್ನು ನೋಡಿಕೊಳ್ಳುವ ಕೆಲಸ. ಹನ್ನೆರಡು ವರ್ಷ ಮಾಡಿದಳು. ಆ ಮುದುಕಿಗೆ ಅತ್ತರಿನ ಹುಚ್ಚು. ಅಂಗಡಿಯದ್ದನ್ನು ಮುಟ್ಟುತ್ತಿರಲಿಲ್ಲವಂತೆ. ಅಗರು ಎಣ್ಣೆ, ಅಂಬರ್, ವೆನಿಲಾ... ಎಲ್ಲ ತಾನೇ ಕೂತು ಹನಿ ಲೆಕ್ಕದಲ್ಲಿ ಬೆರೆಸಿ, ಬಾಟಲಿಗೆ ತುಂಬಿ, ತಿಂಗಳುಗಟ್ಟಲೆ ಕತ್ತಲೆಯಲ್ಲಿ ಇಡುತ್ತಿದ್ದಳಂತೆ. ಸಾಯುವ ಮೊದಲು ಅದರಲ್ಲಿ ಒಂದು ಬಾಟಲಿಯನ್ನು ಹೊನ್ನುವಿನ ಕೈಗೆ ಕೊಟ್ಟಳು. ಅಂಗೈ ಗಾತ್ರದ ಬಾಟಲಿ, ಚಿನ್ನದ ಬಣ್ಣದ ಮುಚ್ಚಳ. ಮುಚ್ಚಳಕ್ಕೆ ಅಂಟಿಕೊಂಡೇ ಒಂದು ಗಾಜಿನ ಕಡ್ಡಿ. ಆ ಕಡ್ಡಿಯಿಂದಲೇ ಮಣಿಕಟ್ಟಿಗೆ ಹಚ್ಚುವುದು.

ಊರಿಗೆ ಬಂದ ದಿನ ನನ್ನ ಮಣಿಕಟ್ಟಿಗೆ ಹಚ್ಚಲು ಹೋಗಿ, ಕಡ್ಡಿ ಹಿಂದೆ ತೆಗೆದಳು. ನಕ್ಕಳು.

"ಬೇಡ ಮಾರಾಯ್ತಿ, ನೀನು ಇನ್ನೂ ಸ್ವಲ್ಪ ಹೊತ್ತು ಕೂರು" ಅಂದಳು.

"ಎಂತಕ್ಕೆ? ನಂಗೆ ಹಚ್ಚಿದ್ರೆ ಖರ್ಚಾಗ್ತದಾ?"

"ಹಂಗಲ್ಲ. ಅವ್ರ ಮನೇಲಿ ಬಂದವ್ರಿಗೆ ಊಟ ಕೊಡ್ತ್ರು, ಕಾಫಿ ಕೊಡ್ತ್ರು. ಕಡೀಗೆ ಅತ್ತರು ಹಚ್ತ್ರು. ಅದು ಹಚ್ಚಿದ್ರೆ ಇನ್ನು ಹೊರಡಿ ಅಂತ ಅರ್ಥ. ಮತ್ತೆ ಕೂರೂ ಹಂಗಿಲ್ಲ. ನಮ್ಮಲ್ಲಿ ಹೆಂಗಸ್ರಿಗೆ ಕುಂಕುಮ ಕೊಟ್ಟು ಕಳಸೂದಿಲ್ವಾ, ಹಂಗೇ."

ಅವಳಿಗೆ ಒಂದೇ ಆಸೆ ಇತ್ತು. ಅಣ್ಣ ಬೀರಾನ ಮಗಳು ಸುನೀತಾ ಮದುವೆಯಾಗಿ ಗಂಡನ ಮನೆಗೆ ಹೊರಡುವ ದಿನ, ಬಾಗಿಲಲ್ಲಿ ನಿಂತು ಅವಳ ಮಣಿಕಟ್ಟಿಗೆ ಆ ಅತ್ತರು ಹಚ್ಚಬೇಕು. ಅಲ್ಲಿಯವರೆಗೆ ಯಾರಿಗೂ ಇಲ್ಲ. ತನಗೂ ಹಚ್ಚಿಕೊಳ್ಳುತ್ತಿರಲಿಲ್ಲ. ಮುಚ್ಚಳ ತೆಗೆದು ಒಂದು ಸಲ ಮೂಸುವುದು, ಮುಚ್ಚುವುದು. ಅಷ್ಟಕ್ಕೇ ಕೇರಿಯೆಲ್ಲ ಘಂ ಅನ್ನುತ್ತಿತ್ತು.

ಬೀರಾನ ಮನೆಯಲ್ಲೇ ಇದ್ದಳು, ಬಂದು ಆರು ತಿಂಗಳಿಗೆ ರೋಗ ಬಿತ್ತು. ಹೊಟ್ಟೆಯಲ್ಲಿ ಗಡ್ಡೆ. ಹೊರಗೂ ಒಡೆದು ಹುಣ್ಣಾಯಿತು. ವಾಸನೆ ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ನಾನು ಹೋಗಿ ಬಟ್ಟೆ ಬದಲಿಸಿ ಬರುತ್ತಿದ್ದೆ. ಬೀರಾನ ಹೆಂಡತಿ ಕಾಮಿ ಒಂದು ವಾರ ನೋಡಿದಳು, ಎರಡು ವಾರ ನೋಡಿದಳು. ಆಮೇಲೆ ಹೊನ್ನುವಿನ ಚಾಪೆಯನ್ನು ಹಿತ್ತಲ ಕೊಟ್ಟಿಗೆಗೆ ಹಾಕಿದಳು. ಎಮ್ಮೆ ಮಾರಿದ ಮೇಲೆ ಖಾಲಿ ಇತ್ತಲ್ಲ, ಅದೇ. ಬೀರಾ ಒಂದು ಮಾತು ಆಡಲಿಲ್ಲ. ಅವನಿಗೆ ಹೆಂಡತಿಯ ಎದುರು ಬಾಯಿ ಇದ್ದದ್ದನ್ನು ನಾನಂತೂ ನೋಡಿಲ್ಲ.

ಅಷ್ಟರಲ್ಲಿ ಸುನೀತಾಳಿಗೆ ಕಾರವಾರದ ಗಂಡು ಗೊತ್ತಾಯಿತು. ನಿಶ್ಚಿತಾರ್ಥ ಮನೆಯಲ್ಲೇ, ಸಂಜೆಗೆ. ಕಾಮಿಗೆ ಒಂದೇ ಚಿಂತೆ: ಮನೆಯಲ್ಲಿ ರೋಗದ ವಾಸನೆ ಬಂದರೆ ಸಂಬಂಧ ತಪ್ಪಿ ಹೋದೀತು. ಏನು ಮಾಡಿದಳು ಗೊತ್ತೇ? ಹೊನ್ನುವಿನ ತಲೆದಿಂಬಿನ ಅಡಿಯಿಂದ ಆ ಬಾಟಲಿ ಎಳೆದುಕೊಂಡಳು. ಹತ್ತಿಗೆ ಅದ್ದಿ ಅದ್ದಿ ಬಾಗಿಲ ಸಂದಿಗೆ, ಕಿಟಕಿಗೆ, ಪರದೆಗೆ, ತನ್ನ ಸೀರೆಗೆ... ಬಾಟಲಿ ಪೂರ್ತಿ ಖಾಲಿ ಮಾಡಿದಳು. ಮುದುಕಿ ಹನಿ ಹನಿ ಎಣಿಸಿ ಬೆರೆಸಿದ್ದು. ಆಮೇಲೆ ಕೊಟ್ಟಿಗೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದಳು. ಬಂದವರು ಕೇಳಿದಾಗ ನಾದಿನಿ ಆಸ್ಪತ್ರೆಯಲ್ಲಿದ್ದಾಳೆ ಅಂತ ಹೇಳಿದಳು. ಸುನೀತಾಳಿಗೆ ಅತ್ತೆ ಮಾತ್ರೆ ತಗೊಂಡು ಮಲಗಿದ್ದಾಳೆ ಅಂತ ಹೇಳಿದಳು.

ನಾನೂ ಹೋಗಿದ್ದೆ ಊಟಕ್ಕೆ. ಗಂಡಿನ ಕಡೆಯವರೆಲ್ಲ ಮೂಗರಳಿಸಿ, "ಎಂತಾ ಪರಿಮಳ, ಎಂತಾ ಪರಿಮಳ" ಅಂದರು. ಕಾಮಿ ಸೆರಗು ಬೀಸಿಕೊಂಡು ಓಡಾಡಿದಳು.

ಏಳು ಗಂಟೆಯಿಂದ ಸದ್ದು ಶುರುವಾಯಿತು. ಟಣ್‌ಕ್... ಟಣ್‌ಕ್... ಸ್ಟೀಲ್ ಲೋಟವನ್ನು ಹಲಗೆಗೆ ಬಡಿದರೆ ಬರುವ ಸದ್ದು. ಅದೇನು ಅಂತ ಗಂಡಿನ ತಾಯಿ ಕೇಳಿದಳು. ಕಾಮಿ ಮುಖ ಕೂಡ ತಿರುಗಿಸದೆ ಹೇಳಿದಳು, "ಎಂತದೂ ಇಲ್ಲ, ಎಮ್ಮೆ ಕಂಬಕ್ಕೆ ಕೋಡು ತಿಕ್ತದೆ."

ಯಾವ ಎಮ್ಮೆ? ನನಗೆ ಗೊತ್ತಿತ್ತು. ಆದರೂ ನಾನು ಪಾಯಸ ಉಂಡು ಎದ್ದು ಬಂದೆ. ಮನೆಗೆ ಬಂದು ಟೀವಿಯ ಸದ್ದು ದೊಡ್ಡದು ಮಾಡಿದೆ. ಶುಭಕಾರ್ಯ ಮುಗಿಯಲಿ, ಬೆಳಗ್ಗೆ ಹೋಗಿ ನೋಡುತ್ತೇನೆ ಅಂದುಕೊಂಡೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಪ್ರದೀಪ ಅವತ್ತು ಬಡಿಸಲು ನಿಂತಿದ್ದ. ಎಲೆ ಎಸೆಯಲು ಹಿತ್ತಲಿಗೆ ಹೋದಾಗ ಬಾಗಿಲ ಅಡಿಯ ಸಂದಿಯಿಂದ ಹೊನ್ನು ಕರೆದಳು.

"ಪ್ರದೀಪಾ... ಚಿಲಕ ತೆಗಿಯೋ. ನೀರಾದ್ರೂ ಕೊಡೋ. ಅದು ನನ್ನ ಅತ್ತರು... ವಾಸನೆ ಬರ್ತದೆ ನಂಗೆ..."

ಅವನು ಬಗ್ಗಿ ಪಿಸುಗುಟ್ಟಿದ. "ಬೆಳಗ್ಗೆ ತೆಗಿತೆ ಹೊನ್ನಕ್ಕಾ. ಈಗ ಸುಮ್ಮಂಗಿರು, ಜನ ಇದ್ದಾರೆ."

ಬೆಳಗ್ಗೆ ತೆಗೆದಾಗ ಹೊನ್ನುವಿನಲ್ಲಿ ಜೀವ ಇರಲಿಲ್ಲ. ಬಾಗಿಲ ಸಂದಿಗೆ ಬಾಯಿ ಇಟ್ಟುಕೊಂಡೇ ಹೋಗಿದ್ದಳು. ಲೋಟದ ಅಂಚು ನಜ್ಜುಗುಜ್ಜಾಗಿತ್ತು.

ಹನ್ನೆರಡನೇ ದಿನ ಎಡೆ ಇಟ್ಟರು. ಸತ್ತವರಿಗೆ ಪ್ರೀತಿಯಾದದ್ದೆಲ್ಲ ಎಲೆಯ ಹತ್ತಿರ ಇಡುವುದು ನಮ್ಮಲ್ಲಿ ಪದ್ಧತಿ. ಬೀರಾ, "ಅವಳ ಅತ್ತರು ಇಡು" ಅಂದ. ಇಪ್ಪತ್ತೈದು ವರ್ಷದಲ್ಲಿ ಅವನು ಹೆಂಡತಿಗೆ ಹೇಳಿದ ಮೊದಲ ಮಾತು ಅದೇ ಇರಬೇಕು. ಖಾಲಿ ಬಾಟಲಿ ಇಡಲಿಕ್ಕಾಗುತ್ತದೆಯೇ? ಕಾಮಿ ಒಳಗೆ ಹೋದಳು, ತುಂಬಿದ ಬಾಟಲಿ ತಂದಿಟ್ಟಳು. ನಾನು ಪಕ್ಕದಲ್ಲೇ ಇದ್ದೆ. ಮೂಗಿಗೆ ಬಡಿಯಿತು. ಕೊಬ್ಬರಿ ಎಣ್ಣೆಗೆ ಕಸ್ಟರ್ಡಿಗೆ ಹಾಕುವ ವೆನಿಲಾ ಎಸೆನ್ಸ್ ಬೆರೆಸಿದ್ದಳು! ಬದುಕಿದ್ದಾಗ ಕದ್ದದ್ದು ಸಾಲದು ಅಂತ ಸತ್ತವಳ ಎಲೆಗೂ ನಕಲಿ ಮಾಲು. ನನ್ನ ಮೈ ಉರಿದುಹೋಯಿತು. ಆದರೂ ನೆಂಟರ ಮುಂದೆ ಜಗಳ ಬೇಡ ಅನ್ನಿಸಿತು. ನಮ್ಮ ಈ ಮರ್ಯಾದೆಗೆ ಬೆಂಕಿ ಬೀಳಲಿ.

ಕಾಗೆ ಬಂತು. ಮಾಡಿನ ಮೇಲೆ ಕೂತಿತು. ಮಧ್ಯಾಹ್ನ ಮೂರರವರೆಗೂ ಕೂತಿತ್ತು, ಎಡೆ ಮುಟ್ಟಲಿಲ್ಲ. ಬೀರಾ ಕೈಮುಗಿದು, "ಎಂತಾ ಬೇಕೇ ಹೊನ್ನೂ? ಎಂತಾ ಬೇಕು ಹೇಳೇ" ಅಂತ ಅತ್ತ. ಕಡೆಗೆ ದನಕ್ಕೆ ಹಾಕಿ ಮುಗಿಸಿದರು.

ಅದಾಗಿ ಮೂರನೇ ರಾತ್ರಿ ನಮ್ಮ ಪ್ರದೀಪ ಆಲದ ಮರದ ಕೆಳಗೆ ನಿಂತಿದ್ದ.

ಬಾವಿಯ ರಾಟೆ ಒಂದು ಸಲ ಸದ್ದು ಮಾಡಿತು. ಕೀಂ... ಅಷ್ಟೇ. ಹಗ್ಗ ಅಲ್ಲಾಡಲಿಲ್ಲ. ಕಟ್ಟೆಯ ಮೇಲೆ ಯಾರೋ ಕೂತಿದ್ದಾರೆ ಅನ್ನಿಸಿತು, ನೋಡಿದರೆ ಯಾರೂ ಇಲ್ಲ. ನೋಡದೆ ಇದ್ದರೆ ಇದ್ದಾರೆ.

"ಪ್ರದೀಪಾ..."

ಕಿವಿಯ ಹತ್ತಿರ. ಬಾಯಿ ಒಣಗಿದವರ ದನಿ.

"ಬೆಳಗಾಯ್ತೇನೋ?"

ಅವನು ಅಲ್ಲೇ ಕೈಮುಗಿದನಂತೆ. "ಹೊನ್ನಕ್ಕಾ... ತಪ್ಪಾಯ್ತು..."

"ಬೆಳಗ್ಗೆ ತೆಗಿತೆ ಅಂದಿದ್ಯಲೋ."

"ತಪ್ಪಾಯ್ತು ಹೊನ್ನಕ್ಕಾ, ಕಾಲಿಗೆ ಬೀಳ್ತೆ..."

"ಬೀಳೂದು ಬೇಡ." ಆಮೇಲೆ ಇನ್ನೂ ಮೆತ್ತಗೆ, "ಇವತ್ತೂ ಹಂಗೇ ಹೇಳು. ಅಷ್ಟೇ."

"ಯಾರಿಗೆ?"

ಜೀರುಂಡೆಗಳು ಒಟ್ಟಿಗೆ ಕಿರ್‍ರ್ ಅಂತ ಶುರು ಮಾಡಿದವು. ಅವನು ಓಡಿದ. ಒಂದು ಚಪ್ಪಲಿ ಗದ್ದೆಯ ಅಂಚಿನಲ್ಲಿ ಉಳಿಯಿತು. ಮನೆಗೆ ಬಂದು ಬಾಗಿಲು ಹಾಕಿ, ದೀಪ ಹಚ್ಚಿಕೊಂಡು ಗೋಡೆಗೆ ಆತು ಕೂತ.

ಅವತ್ತು ಬೀರಾ ಊರಲ್ಲಿ ಇರಲಿಲ್ಲ. ಮದುವೆ ಮುಂದೂಡುವ ಮಾತಿಗೆ ಸುನೀತಾಳನ್ನು ಕರೆದುಕೊಂಡು ಕಾರವಾರಕ್ಕೆ ಹೋಗಿ ಅಲ್ಲೇ ಉಳಿದಿದ್ದ. ಮನೆಯಲ್ಲಿ ಕಾಮಿ ಒಬ್ಬಳೇ.

ಒಂದು ಗಂಟೆಗೆ ಸದ್ದು ಬಂತು.

ಧಡ್... ಧಡ್... ಧಡ್...

ಲೋಟದ ಸದ್ದಲ್ಲ. ಅಂಗೈಯಿಂದ ಹಲಗೆಗೆ ಬಡಿಯುವ ಸದ್ದು. ಕೊಟ್ಟಿಗೆಯ ಕಡೆಯಿಂದ.

"ಪ್ರದೀಪಾ! ಏ ಪ್ರದೀಪಾ! ಚಿಲಕ ತೆಗಿಯೋ! ಯಾರೋ ಹೊರಗಿಂದ ಹಾಕಿದ್ರೋ..."

ಕಾಮಿಯ ದನಿ. ಅವಳು ಆ ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಹೋದಳು? ವಾಸನೆ ಹಿಡಿದು ಹೋದಳೋ, ಯಾರಾದರೂ ಕರೆದರೋ, ದೇವರಿಗೇ ಗೊತ್ತು. ಹೊನ್ನು ಸತ್ತ ಮೇಲೆ ಅವಳು ಆ ಬಾಗಿಲಿನ ಕಡೆ ತಲೆ ಹಾಕಿ ಮಲಗುತ್ತಲೂ ಇರಲಿಲ್ಲ.

ಪ್ರದೀಪ ಎದ್ದ. ಅವನು ಕೆಟ್ಟವನಲ್ಲ, ಅದನ್ನು ನಾನು ಹೇಳಲೇಬೇಕು. ಹದಿನೈದು ದಿನದಿಂದ ಸರಿಯಾಗಿ ಅನ್ನ ಉಂಡಿರಲಿಲ್ಲ ಅವನು. ಈ ಸಲವಾದರೂ ತೆಗೆದರೆ ಮೊದಲಿನ ಪಾಪ ಸ್ವಲ್ಪ ತೊಳೆದೀತು ಅಂತ ಬ್ಯಾಟರಿ ಹಿಡಿದು ಪಕ್ಕದ ಬೀರಾನ ಹಿತ್ತಲಿಗೆ ಇಳಿದ. ಬೆಳಕು ಬಿಟ್ಟ. ಚಿಲಕ ಹಾಕಿತ್ತು. ಹೊರಗಿನಿಂದ. ಹಲಗೆ ಒಳಗಿನ ಏಟಿಗೆ ಅದುರುತ್ತಿತ್ತು, ಚಿಲಕ ಕಟಕಟ ಅನ್ನುತ್ತಿತ್ತು.

ಅವನು ಎಡಗೈಯಲ್ಲಿ ಚಿಲಕ ಹಿಡಿದ.

ಮತ್ತೆ ಅದೇ ಸಿಹಿ ವಾಸನೆ... ಹಿಂದಿನಿಂದ. ಕುತ್ತಿಗೆಯ ಮೇಲೆ ಉಸಿರು. ಯಾರೋ ಸುಮ್ಮನೆ ಕಾಯುತ್ತಿದ್ದರು.

"ಯಾರದು ಹೊರಗೆ? ಪ್ರದೀಪಾ, ನೀನೇನೋ? ತೆಗಿಯೋ ಮಾರಾಯಾ... ಇಲ್ಲಿ ಒಳಗೆ... ಒಳಗೆ ನಾನೊಬ್ಳೇ ಇಲ್ವೋ..."

ಆಮೇಲೆ ಅವನು ನನ್ನ ಹತ್ತಿರ ಅಳುತ್ತ ಹೇಳಿದ್ದು ಇದು. "ನನ್ನ ಕೈ ಯಾರೂ ಹಿಡ್ದಿರ್ಲಿಲ್ಲ ಮಂಜಕ್ಕಾ. ಬಾಯಿ ಯಾರೂ ಕಟ್ಟಿರ್ಲಿಲ್ಲ. ಚಿಲಕ ಎತ್ತೂದಕ್ಕೆ ಒಂದು ಬೆರಳು ಸಾಕಾಗಿತ್ತು. ತೆಗೆದ್ರೆ ನನ್ನನ್ನ ಬಿಡೂದಿಲ್ಲ ಅಂತ ಹೆದ್ರಿಕೆ ಆಯ್ತು. ನಾನೇ ಹೇಳ್ದೆ."

"ಎಂತಾ ಹೇಳ್ದೆ?"

"ಬೆಳಗ್ಗೆ ತೆಗಿತೆ ಕಾಮಕ್ಕಾ ಅಂದೆ."

ಅಷ್ಟು ಹೇಳಿ ಚಿಲಕ ಬಿಟ್ಟ. ಬಿಡುವಾಗ ಎಡ ಮಣಿಕಟ್ಟಿನ ಒಳಬದಿಗೆ ತಣ್ಣಗೆ ಏನೋ ತಾಗಿತು. ಗಾಜಿನ ಹಾಗೆ ನುಣ್ಣಗೆ. ಒಂದು ಸಲ ಅತ್ತ, ಒಂದು ಸಲ ಇತ್ತ. ಯಾರೋ ಪ್ರೀತಿಯಿಂದ ಹಚ್ಚಿದ ಹಾಗೆ.

ಬೇಲಿಯ ಈಚೆ ನಾನು ಎಲ್ಲವನ್ನೂ ಕೇಳುತ್ತಿದ್ದೆ. ಧಡ್ ಧಡ್ ಸದ್ದು, ಕಾಮಿಯ ಕೂಗು, ಆಮೇಲೆ ಕೂಗು ಅಳುವಾದದ್ದು, ಅಳು ಉಗುರು ಕೆರೆಯುವ ಸದ್ದಾದದ್ದು. ನಾನೂ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಹೆದರಿಕೆಯಿಂದ ಅಂತ ಹೇಳಿದರೆ ನೀವು ನಂಬುತ್ತೀರಿ. ಆದರೆ ರಾತ್ರಿ ಹೊತ್ತು ಸುಳ್ಳು ಬೇಡ. ನನಗೆ ಖುಷಿಯಾಯಿತು. ಕಂಬಳಿ ಎಳೆದುಕೊಂಡು, ಬಡಿ, ಇನ್ನೂ ಬಡಿ, ಅಂತ ಮನಸ್ಸಿನಲ್ಲೇ ಹೇಳಿದೆ. ನಾಲ್ಕು ಗಂಟೆಯ ಹೊತ್ತಿಗೆ ಸದ್ದು ನಿಂತಿತು. ಆಗ ಮಾತ್ರ ನನಗೆ ನಡುಕ ಬಂತು.

ಬೆಳಕು ಹರಿದ ಮೇಲೆ ನಾನೂ ಪ್ರದೀಪನೂ ಒಟ್ಟಿಗೆ ಹೋಗಿ ಚಿಲಕ ತೆಗೆದೆವು. ಒಳಗಿನಿಂದ ವಾಸನೆ ಹೊರಗೆ ನುಗ್ಗಿತು. ಕಸ್ಟರ್ಡಿನ ವಾಸನೆ ಅಲ್ಲ, ನಿಜವಾದದ್ದು. ಶಾರ್ಜಾದ ಮುದುಕಿ ಬೆರೆಸಿದ್ದು. ಕಾಮಿ ಬಾಗಿಲ ಸಂದಿಗೆ ಬಾಯಿ ಇಟ್ಟುಕೊಂಡು ಬಿದ್ದಿದ್ದಳು. ಮೈಮೇಲೆ ಒಂದು ಗಾಯವಿಲ್ಲ. ಎಡ ಮಣಿಕಟ್ಟು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಡಾಕ್ಟರು ಎದೆ ನಿಂತು ಸತ್ತಿದ್ದಾಳೆ ಅಂತ ಬರೆದರು. ಚಿಲಕ ಹಾಕಿದವರು ಯಾರು ಅಂತ ಪೊಲೀಸರು ಕೇಳಿದರು. ಗಾಳಿಗೆ ಬಿದ್ದಿರಬೇಕು ಅಂತ ಬೀರಾನೇ ಹೇಳಿ ಮುಗಿಸಿದ. ಅವನು ಹೆಂಡತಿಗಾಗಿ ಅತ್ತದ್ದನ್ನು ನಾನು ನೋಡಲಿಲ್ಲ.

ಎಲ್ಲ ಮುಗಿದು ಸಂಜೆ ಪ್ರದೀಪ ನಮ್ಮ ಜಗಲಿಯಲ್ಲಿ ಕೂತಿದ್ದ. ಚಹಾ ಕೊಟ್ಟೆ. ಲೋಟವನ್ನು ಬಾಯಿಯ ಹತ್ತಿರ ತಂದವನು ಹಾಗೇ ಕೆಳಗಿಟ್ಟ. ಎಡಗೈ ನನ್ನ ಕಡೆ ಚಾಚಿದ.

"ಮೂಸಿ ನೋಡು ಮಂಜಕ್ಕಾ."

ನೋಡಬೇಕಾಗಿಯೇ ಇರಲಿಲ್ಲ, ಅಷ್ಟು ದೂರದಿಂದಲೇ ಬರುತ್ತಿತ್ತು.

"ಅವಳು ನಂಗೆ ಎಂತಕ್ಕೆ ಹಚ್ಚಿದ್ಲು? ಹೇಳಿದ ಹಾಗೇ ಮಾಡಿದ್ನಲ್ಲ ನಾನು?"

ಆಗ ಸುಮ್ಮನಿರಬೇಕಿತ್ತು ನಾನು. ಅವನಿಗೆ ಆ ಪದ್ಧತಿ ಗೊತ್ತಿರಲಿಲ್ಲ. ನನ್ನ ಹಾಳು ಬಾಯಿ ಹೇಳಿಬಿಟ್ಟಿತು. ಅರಬ್ಬರ ಮನೆಯಲ್ಲಿ ಇದನ್ನು ಹಚ್ಚಿದರೆ ಹೊರಡು ಅಂತ ಅರ್ಥ ಅಂತ.

ಅವನು ತುಂಬ ಹೊತ್ತು ಕೈಯನ್ನೇ ನೋಡಿದ. "ಯಾವಾಗ?" ಅಂದ. ಸಣ್ಣ ಮಗು ಕೇಳಿದ ಹಾಗೆ. ಯಾವಾಗ ಅಂತ ನನಗೇನು ಗೊತ್ತು?

ಹುಣಸೆಹಣ್ಣು ಹಾಕಿ ತಿಕ್ಕಿದ. ಸೀಗೆಪುಡಿ ಆಯಿತು, ಬೂದಿ ಆಯಿತು, ಗ್ಯಾರೇಜಿನಿಂದ ಪೆಟ್ರೋಲು ತಂದು ತೊಳೆದ. ಚರ್ಮ ಸುಲಿದು ಕೆಂಪಾಯಿತು. ವಾಸನೆ ಹೋಗಲಿಲ್ಲ. ದೂರ ಹೋಗು ಅಂದಿದ್ದಾಳೆಯೋ ಏನೋ ಅಂತ ಸುಂಕಸಾಳದ ತಂಗಿಯ ಮನೆಗೆ ಹೊರಟುಹೋದ. ನಾಲ್ಕನೇ ದಿನ ವಾಪಸು ಬಂದ. ಹೊರಡುವುದು ಅಂದರೆ ಅದಲ್ಲ ಅಂತ ಅವನಿಗೂ ಗೊತ್ತಾಗಿತ್ತು. ಈಗ ಹತ್ತು ತಿಂಗಳಾಯಿತು. ರಿಕ್ಷಾ ಹೊಡೆಯುತ್ತಾನೆ, ಮಾತಾಡುತ್ತಾನೆ. ನಾಳೆ ಬೆಳಗ್ಗೆ ಬರ್ತೆ, ನಾಳೆ ಬೆಳಗ್ಗೆ ಕೊಡ್ತೆ ಅಂತ ಮಾತ್ರ ಯಾರಿಗೂ ಹೇಳುವುದಿಲ್ಲ.

ನನಗೆ ಯಾಕೆ ಹಚ್ಚಿಲ್ಲ ಅಂತ ನಾನೂ ಒಮ್ಮೊಮ್ಮೆ ಯೋಚಿಸುತ್ತೇನೆ... ಬಿಡಿ. ಆ ಮಾತು ಈಗ ಬೇಡ.

ನಂಬದವರು ನಂಬದಿರಲಿ, ನನಗೇನೂ ನಷ್ಟವಿಲ್ಲ. ಇದು ಎಲ್ಲೋ ಕೇಳಿ ಬಂದ ಕತೆ ಅಲ್ಲ. ನಿನ್ನೆ ರಾತ್ರಿ ನಾನೇ ಅವನ ಮನೆಗೆ ಹೋಗಿ ಬಂದಿದ್ದೇನೆ, ಗಂಜಿ ಕೊಡಲಿಕ್ಕೆ. ಅವನು ಮಲಗಿದ್ದ. ಎಡಗೈ ಮಂಚದ ಅಂಚಿನಲ್ಲಿತ್ತು. ಮಣಿಕಟ್ಟಿನ ತುಂಬ ಸಣ್ಣ ಕಪ್ಪು ಇರುವೆಗಳು, ಸಕ್ಕರೆಗೆ ಮುತ್ತಿದ ಹಾಗೆ. ಎಚ್ಚರವಿದ್ದೂ ಅವನು ಕೊಡವಿಕೊಳ್ಳುತ್ತಿರಲಿಲ್ಲ. ದಿನಾ ಬರುತ್ತವಂತೆ. ಅದಕ್ಕೇ ಮಂಚವನ್ನು ಗೋಡೆಯಿಂದ ದೂರ ಎಳೆದು, ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟಿದ್ದಾನೆ. ಸೊಳ್ಳೆಪರದೆ ಇಲ್ಲ, ಹೊದಿಕೆ ನೆಲಕ್ಕೆ ತಾಗುವುದಿಲ್ಲ.

ಹಾಗಾದರೆ ಇವು ಎಲ್ಲಿಂದ ಹತ್ತಿದವು ಅಂತ ನಾನು ಬ್ಯಾಟರಿ ಹಾಕಿ ಬಗ್ಗಿ ನೋಡಿದೆ. ನಾಲ್ಕು ಬಟ್ಟಲಲ್ಲೂ ನೀರು ತುಂಬಿತ್ತು. ಒಂದರಲ್ಲೂ ಒಂದು ಸತ್ತ ಇರುವೆ ಇರಲಿಲ್ಲ.